ಸಾವಿರದೈನೂರು ಮೀಟರು

ಚರ್ಚಿನ ಬಾಗಿಲಿನಿಂದ ದೋಣಿಕಟ್ಟೆಯ ತುದಿಯವರೆಗೆ
ಅಪ್ಪ ನನ್ನನ್ನು ನಡೆಸಿಕೊಂಡು ಹೋಗಿ ಹೇಳಿದ:
ಇಷ್ಟುದ್ದ, ಸ್ಟೇನ್‌ವೋರ್, ನಮ್ಮ ಒಂದೇ ಒಂದು ಅಲೆ.
ನಡುವೆ ಎರಡು ಸಲ ಮೂಗು ಒರೆಸಿಕೊಂಡಿದ್ದೆ,
ಒಂದು ಸಲ ಬಿದ್ದಿದ್ದೆ.
ಇಂಥವು ಸೆಕೆಂಡಿಗೆ ಎರಡು ಲಕ್ಷ ಹೊರಡುತ್ತವೆ ಎಂದಾಗ
ಕುಡಿದಿದ್ದಾನೆ ಅಂದುಕೊಂಡೆ.

ಹ್ರಾಫ್ನನೆಸ್‌ನಲ್ಲಿ ಮರಗಳಿಲ್ಲ.
ಎದ್ದು ನಿಂತದ್ದು ಒಂದೇ: ಇನ್ನೂರಿಪ್ಪತ್ತು ಮೀಟರಿನ ಕಬ್ಬಿಣ,
ಕೆಂಪು ಬಿಳಿ ಪಟ್ಟೆಯ ಬಡಕಲು,
ಹನ್ನೆರಡು ತಂತಿ ಜಗ್ಗಿ ಹಿಡಿದದ್ದು.
ಅಷ್ಟು ಭಾರ ಕೂತದ್ದು ನೆಲದ ಮೇಲಲ್ಲ,
ಒಂದು ಪಿಂಗಾಣಿಯ ಮೇಲೆ.
ಅಮ್ಮ ಸೂಪು ಬಡಿಸುವ ಬೋಗುಣಿಯ ದಾಯಾದಿ ಅದು.
ಕಂಬ ನೆಲಕ್ಕೆ ತಾಗಿದರೆ
ಮಾತು ಅಲ್ಲೇ ಇಂಗಿಹೋಗುತ್ತದಂತೆ.

ಆದರೂ ನೆಲ ಬೇಕು. ಅದೇ ತಕರಾರು.
ಮೂವತ್ತೊಂದನೆಯ ಇಸವಿಯ ಬೇಸಗೆ, ಕುದುರೆಗೆ ನೇಗಿಲು ಕಟ್ಟಿ
ಊರವರು ನೂರಿಪ್ಪತ್ತು ಸಾಲು ಹೊಡೆದರು,
ಕಂಬದ ಬುಡದಿಂದ ಹೊರಕ್ಕೆ, ಗಾಲಿಯ ಅರಗಳ ಹಾಗೆ,
ಒಂದೊಂದರಲ್ಲೂ ತಾಮ್ರದ ತಂತಿ ಬಿತ್ತಿದರು.
ಅಜ್ಜಿ ರಾನ್‌ವೇಗ್ ಬೇಲಿಗೊರಗಿ ಕೇಳಿದಳಂತೆ:
ಮೊಳಕೆ ಯಾವಾಗ?
ಇಂಜಿನಿಯರು ಇಂಗಿಮುಂಡುರ್ ಟೋಪಿ ತೆಗೆದು
ನಗದೆ ಹೇಳಿದ: ಡಿಸೆಂಬರಿಗೆ, ಅಮ್ಮ.
ಡಿಸೆಂಬರಿಗೇ ಬಂತು. ಮೊದಲು ಒಂದು ಕೆಮ್ಮು,
ಆಮೇಲೆ ಮೀನಿನ ಧಾರಣೆ.

ಕಂಬ ಕುಳ್ಳ.
ಅಲೆಗೆ ತಕ್ಕಷ್ಟಾಗಲು ಇನ್ನೂ ನೂರೈವತ್ತು ಮೀಟರು ಬೇಕಿತ್ತು,
ಸರ್ಕಾರದ ಹತ್ತಿರ ದುಡ್ಡಿರಲಿಲ್ಲ.
ಆ ಸಾಲ ತೀರಿಸುತ್ತಿದ್ದುದು ಬುಡದ ಗುಡಿಸಲೊಳಗಿನ ಸುರುಳಿ.
ಹೆಬ್ಬೆರಳ ದಪ್ಪದ ಹುರಿ; ಬಿಚ್ಚಿದರೆ
ಕೂದಲೆಳೆಯಂಥ ಸಾವಿರಾರು ತಾಮ್ರ,
ಒಂದೊಂದಕ್ಕೂ ಬೇರೆ ಬೇರೆ ಅಂಗಿ.
ಒಟ್ಟಿಗಿದ್ದೂ ಮೈ ತಾಗಿಸದವರು,
ನಮ್ಮೂರಿನವರೇ, ಎನ್ನುತ್ತಿದ್ದ ಅಪ್ಪ.

ತುಕ್ಕು ಹಿಡಿದ ಬೇಲಿಯ ಗಂಟು
ಸಂಜೆ ಏಳಕ್ಕೆ ಸುದ್ದಿ ಓದುತ್ತಿತ್ತು.
ಒಡ್ಡುರ್, ಮದುವೆಗೆ ಮುಂಚೆ,
ಕಂಬದಡಿ ಒಂದು ಟ್ಯೂಬ್‌ಲೈಟನ್ನು ಬರಿಗೈಯಲ್ಲಿ ಹಿಡಿದು ನಿಂತ.
ಎಲ್ಲಿಗೂ ಜೋಡಿಸಿರಲಿಲ್ಲ. ಉರಿಯಿತು.
ಹೂ ಬೆಳೆಯದ ಊರು; ನನಗೆ ಅಷ್ಟು ಸಾಕಿತ್ತು.

ಎಪ್ಪತ್ತಮೂರರ ಫೆಬ್ರವರಿ.
ಅಪ್ಪನಿಗೆ ಜ್ವರ, ಪಾಳಿ ನನ್ನದು.
ಬಿಗಿತಂತಿಗಳಿಗೆ ತೊಡೆ ಗಾತ್ರದ ಹಿಮ ಕಟ್ಟಿ
ಶ್ರುತಿ ಕೆಟ್ಟಿತು. ಅಮ್ಮೀಟರಿನ ಮುಳ್ಳು ಮಲಗಿತು.
ಹವಾಮಾನ ವರ್ತಮಾನಕ್ಕೆ ನಾಲ್ಕೇ ನಿಮಿಷ,
ಕಡಲಲ್ಲಿ ಏಳು ದೋಣಿ.
ಗುಡಿಸಲಿಗೆ ಓಡಿ ಸುರುಳಿಯ ಹಿಡಿ ತಿರುಗಿಸಿದೆ,
ಕೂದಲಷ್ಟು ಎಡಕ್ಕೆ, ಮತ್ತೆ ಅಷ್ಟೇ ಬಲಕ್ಕೆ.
ಎಲ್ಲಿ ತಾಗಿತೋ, ಬಿಳಿಯ ಕಿಡಿ,
ತೋರುಬೆರಳಿನಿಂದ ಸುಟ್ಟ ಮಾಂಸದ ವಾಸನೆ.
ಮುಳ್ಳು ಎದ್ದಿತು.
ಆರು ದೋಣಿ ಕೇಳಿಸಿಕೊಂಡು ತಿರುಗಿದವು.
ಏಳನೆಯದರ ಬ್ಯಾಟರಿ ಒದ್ದೆ.

ಮಾರನೆಯ ಬೆಳಿಗ್ಗೆ ಅದು ತಾನಾಗಿ ಬಂತು,
ಒಂದು ಪಕ್ಕ ಜಜ್ಜಿಹೋಗಿ.
ಒಡ್ಡುರ್ ಇಳಿದವನೇ ಬೈದ:
ನಿನ್ನ ಸ್ಟೇಷನ್ನು ನಿದ್ದೆ ಹೊಡೆಯುತ್ತಿತ್ತೇನು?
ಕೈಯನ್ನು ಜೇಬಿನಿಂದ ತೆಗೆಯದೆಯೇ
ಹೌದು ಅಂದೆ.

ಈಗೆಲ್ಲ ಉಪಗ್ರಹ. ರಾಜಧಾನಿಯಿಂದ ಬಂದ ಹುಡುಗ
ಒಳ್ಳೆಯವನೇ, ಕಾಫಿ ಕುಡಿದ,
ನನ್ನ ದಿನಚರಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದ.
ಒಂದು ಪಕ್ಕದ ತಂತಿ ಕತ್ತರಿಸಿದರು.
ಬೀಳಲು ಹತ್ತು ಸೆಕೆಂಡು ಹಿಡಿಯಿತು.
ಇಪ್ಪತ್ತು ಲಕ್ಷ, ಎಂದು ಲೆಕ್ಕ ಹಾಕಿದೆ,
ಬೇಡ ಬೇಡವೆಂದರೂ ತಲೆ ಕೇಳಲಿಲ್ಲ.
ಪಿಂಗಾಣಿ ಒಡೆಯಲಿಲ್ಲ. ಅದರಲ್ಲೀಗ ಮಳೆನೀರು,
ಕುರಿಗಳು ಕುಡಿಯುತ್ತವೆ.

ಚರ್ಚಿನಿಂದ ಕಟ್ಟೆಗೆ ನನಗೆ ಮುಕ್ಕಾಲು ಗಂಟೆ,
ನಡುವೆ ಎರಡು ಸಲ ಕೂರುತ್ತೇನೆ.

ತಾಮ್ರ ಕೀಳಲು ಕೂಲಿ ಹೆಚ್ಚೆಂದು ಬಿಟ್ಟುಹೋದರು.
ನಿನ್ನೆ ಆಲೂಗಡ್ಡೆ ಅಗೆಯುವಾಗ
ಸನಿಕೆಗೆ ಸಿಕ್ಕಿತು, ಪಾಚಿ ಬಣ್ಣಕ್ಕೆ ತಿರುಗಿ, ಇನ್ನೂ ಬಿಗಿಯಾಗಿ.
ಎಳೆಯಲಿಲ್ಲ. ಮೇಲೆ ಮಣ್ಣು ಮುಚ್ಚಿದೆ.
ಡಿಸೆಂಬರು ಇನ್ನೂ ದೂರ ಇದೆ.