ಸೀರೆಗಾರ್ಡು

ಕೋಡಿಬಾಗದ ತಿರುವಿನಲ್ಲಿ ನನ್ನ ಗ್ಯಾರೇಜು.
ಶಟರು ಎತ್ತಿದರೆ ಎದುರಿಗೆ ಕಾಳಿ ನದಿಯ ಬಾಯಿ,
ಇಳಿಸಿದರೂ ಅದರ ಉಪ್ಪು ಒಳಗೇ.
ಕಾರವಾರದಲ್ಲಿ ಕ್ರೋಮು
ಎರಡು ಮಳೆಗಾಲ ಕಂಡರೆ ದೀರ್ಘಾಯುಷಿ.

ಬೋಟುಗಳೆಲ್ಲ ದಡ ಹತ್ತಿದ ಜೂನಿನಲ್ಲಿ
ಸುಲಕ್ಷಾ ತಾಂಡೇಲ ಬಂದಳು,
ಕೆಲಸವಿಲ್ಲದ ಮೀನಿನ ಟೆಂಪೋದಲ್ಲಿ
ಅಡ್ಡ ಮಲಗಿಸಿ ತಂದಿದ್ದಳು
ಅಪ್ಪನ ಎಪ್ಪತ್ತೊಂಬತ್ತರ ಯೆಜ್ಡಿ.
"ಬೇಡದ್ದೆಲ್ಲ ಕಿತ್ತುಬಿಡಿ. ಕೆಫೆ ರೇಸರ್ ಆಗಬೇಕು.
ಸೀಟು ಒಬ್ಬಳಿಗೆ ಸಾಕು."

ಬೇಡದ್ದು ಯಾವುದು ಎಂದು ಗುರುತಿಸುವುದೇ
ಇಪ್ಪತ್ತೆಂಟು ವರ್ಷದಿಂದ ನನ್ನ ಕಸುಬು.
ಮಡ್‌ಗಾರ್ಡಿನ ಬಾಲ ಹೋಯಿತು, ಚೈನಿನ ಡಬ್ಬಿ ಹೋಯಿತು,
ಐಸಿನ ಪೆಟ್ಟಿಗೆ ಕಟ್ಟಲೆಂದು ಯಾರೋ ಬೆಸೆದ ಕೊಂಡಿ.
ತೂಕ ಇಳಿದಂತೆ ಗಾಡಿಯ ವಯಸ್ಸೂ ಇಳಿದು
ಪಕ್ಕೆಲುಬು ಕಾಣುವ ಹುಡುಗನ ಹಾಗೆ ನಿಂತಿತು,
ಅಂಗಿಯಿಲ್ಲದೆ, ಯಾರ ಹಂಗೂ ಇಲ್ಲದೆ.

ಸಂಜೆಗೆ ಪಂಚಾಯಿತಿ ಕೂಡುತ್ತಿತ್ತು.
ವೆಲ್ಡರ್ ಬಸ್ತ್ಯಾಂವನಿಗೆ ಸೈಲೆನ್ಸರು ಒಂದೇ ದೇವರು:
ಕೊರಳು ಸರಿಯಿಲ್ಲದವನ ಮಾತು ಯಾರು ಕೇಳುತ್ತಾರೆ?
ಗುಣಾಜಿಗೆ ತಗ್ಗಿನ ಹ್ಯಾಂಡಲು,
ಅವನ ಸೊಂಟ ಬಗ್ಗದೆ ಆರು ವರ್ಷವಾದರೂ.
ಚಿನ್ನದ ಕೆಲಸದ ವಿಠೋಬ ರಾಯ್ಕರ
ಟ್ಯಾಂಕಿನ ಸೂಜಿತೂತು ಹುಡುಕಿ
ಮೂಗುತಿ ಬೆಸೆಯುವ ಊದುಕೊಳವೆಯಲ್ಲೇ ಮುಚ್ಚಿದ್ದ;
ಮೊಣಕಾಲು ಕೂರುವ ಆ ತಗ್ಗನ್ನು
ದಿನಕ್ಕೊಮ್ಮೆ ಸವರದೆ ಮನೆಗೆ ಹೋಗುತ್ತಿರಲಿಲ್ಲ.
ಸೀಟು ಹೊಲಿದದ್ದು ಬೈತಖೋಲದ ದುರ್ಗಿ ಹರಿಕಂತ್ರ,
ಬಲೆಯ ನೂಲಿನಲ್ಲಿ, ಬಲೆಯದೇ ಗಂಟು ಹಾಕಿ.
"ಚರ್ಮ ಹರಿದೀತು, ಇದು ಹರಿಯೂದಿಲ್ಲ."

ನಿನಗೆ ಯಾವುದಪ್ಪ ಇಷ್ಟ? ಕೇಳಿದರು.
ಕಿಕ್ಕು, ಎಂದೆ.
ಒದ್ದು ಎಬ್ಬಿಸಿದ ಮೇಲೆ ಮುಂದಕ್ಕೆ ಮಡಚಿದರೆ
ಅದೇ ಗೇರು.
ಎಬ್ಬಿಸಿದವರೇ ನಡೆಸಿಕೊಂಡೂ ಹೋಗಬೇಕು.
"ಪುಢಾರಿಗಳಿಗೂ ಇಂಥದೊಂದು ಕೂರಿಸು," ಎಂದು
ರಾಯ್ಕರ ತಂಬಾಕು ಉಗುಳಿದ.

ಹೇಳಿದ್ದು ಸುಳ್ಳಲ್ಲ.
ಪೂರ್ತಿ ನಿಜವೂ ಅಲ್ಲ.

ಹಿಂದಿನ ಗಾಲಿಯ ಎಡಕ್ಕೆ ಸೀರೆಗಾರ್ಡು ಇತ್ತು:
ನಾಲ್ಕು ಬಾಗಿದ ಕಂಬಿ, ಕೆಳಗೆ
ಪಾದವಿಡಲು ಒಂದು ತಟ್ಟೆ.
ಮೂರು ಬೋಲ್ಟು. ಎರಡು ಬಂದವು.
ಮೂರನೆಯದಕ್ಕೆ ಡೀಸೆಲು ಕುಡಿಸಿ
ಎರಡು ರಾತ್ರಿ ಕಾದೆ.
ಬಿಡಿಸಿ ಬೆಳಕಿಗೆ ಹಿಡಿದರೆ
ಎಲ್ಲ ಕಡೆ ತುಕ್ಕಿನ ಹಕ್ಕಳೆ,
ತಟ್ಟೆಯ ಒಂದು ಮೂಲೆ ಮಾತ್ರ ಬೆಳ್ಳಗೆ ಸವೆದು ಹೊಳೆಯುತ್ತಿತ್ತು.
ಅದೇ ಪಾದ, ಅದೇ ಜಾಗ, ವರ್ಷಗಟ್ಟಲೆ
ಒತ್ತಿ ಹಿಡಿದ ಹಾಗೆ,
ಬ್ರೇಕು ತನ್ನ ಕಾಲಡಿಗೇ ಇದೆ ಎಂಬ ಹಾಗೆ.

ಗುಜರಿಗೆ ಹಾಕಲಿಲ್ಲ. ಮೊಳೆಗೆ ತೂಗುಹಾಕಿದೆ.
ಇಂಜಿನ್ನಿನ ಕೆಲಸದ ನಡುನಡುವೆ
ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆಗಸ್ಟಿನಲ್ಲಿ, ಮಾರ್ಕೆಟ್ಟಿಗೆ ಮೀನು ಮರಳಿದ ವಾರ,
ಮಗಳ ಜೊತೆ ಶೇವಂತಾಬಾಯಿಯೂ ಬಂದಳು.
ಗಾಡಿಯ ಸುತ್ತ ಒಂದು ಸುತ್ತು ಬಂದು
"ಇಷ್ಟು ತೆಗೆಯೋದಕ್ಕೆ ಇಷ್ಟು ದುಡ್ಡೇ?" ಎಂದಳು.
ಮೊಳೆಯ ಮೇಲಿನದನ್ನು ಕಂಡು ಸುಮ್ಮನಾದಳು.
ಇಳಿಸಿಕೊಂಡು, ಸೆರಗಲ್ಲಿ ಒರೆಸಿ,
ಕಂಬಿಗಳ ನಡುವೆ ಬೆರಳು ತೂರಿಸಿ ಅಳೆದಳು.
"ಬಂಗುಡೆ ಸುಡಲಿಕ್ಕೆ ಸರಿಯಾದೀತು."

ಬಸ್ತ್ಯಾಂವ ಕೇಳಿದ್ದ: ಚಾಸಿಯ ಆ ಮೂರು ತೂತು
ತುಂಬಿಬಿಡಲೇ? ನುಣ್ಣಗಾಗುತ್ತದೆ.
ಬೇಡ, ಎಂದಿದ್ದೆ. ಕಾರಣ ಕೇಳಿದರೆ
ಗಾಳಿಯಾಡಲಿ, ಎಂದು ಏನೋ ಹೇಳಿದ್ದೆ.

ಸುಲಕ್ಷಾ ಒಂದೇ ಒದೆತಕ್ಕೆ ಎಬ್ಬಿಸಿದಳು.
ನೀಲಿ ಹೊಗೆ, ಎಣ್ಣೆಯ ಸಿಹಿ ಕಮಟು,
ಟ್ಯಾಂಕಿನ ಮೇಲೆ ಎದೆ ಚಾಚಿ
ಸದಾಶಿವಗಡದ ಸೇತುವೆಯ ಕಡೆ ಬಿಟ್ಟಳು.
ತಿರುವಿನಲ್ಲಿ ಗಾಡಿ ವಾಲಿತು,
ಇನ್ನೂ ವಾಲಿತು.

ನನ್ನ ಪಕ್ಕದಲ್ಲಿ, ಸೀರೆಗಾರ್ಡನ್ನು
ಕಂಕುಳಲ್ಲಿ ಅವುಚಿ ನಿಂತಿದ್ದವಳ ಎಡಗಾಲು
ಗ್ಯಾರೇಜಿನ ಸಿಮೆಂಟನ್ನು
ಒತ್ತಿತು.