ಮೂರನೆಯವಳಿಗೊಂದು ಪ್ರಿಆಂಪ್

ಕುತಾಯಿಸಿಯಲ್ಲಿ, ರಿಯೋನಿ ಹೊಳೆಯ ಮಗ್ಗುಲಲ್ಲಿ,
ಐದನೇ ಮಹಡಿಯ ಅಡುಗೆಮನೆಯೇ ಮಾಲ್ಖಾಜನ ಸ್ಟುಡಿಯೋ.
ಕಿಟಕಿಗೆ ರಜಾಯಿ ಹೊದಿಸಿ, ಫ್ರಿಜ್ಜಿನ ವೈರು ಕಿತ್ತು
ರೆಕಾರ್ಡು ಒತ್ತುತ್ತಾನೆ.
ಬೆಣ್ಣೆ ಕರಗುವುದರೊಳಗೆ ಹಾಡು ಮುಗಿಯಬೇಕು.

ಹಾಡುವವರು ಮೂವರು.
ಮೇಲಿನ ದನಿ ನಜಿಬ್ರೋಲಾ ಅತ್ತೆಯದು, ಸೂಜಿ.
ನಡುವಿನದು ಎತೇರಿಯದು, ದಾರ.
ತಳದಲ್ಲಿ ಲಮಾರಾ.
ಅವಳು ಬಟ್ಟೆ ಎಂದು ಯಾರೂ ಹೇಳುವುದಿಲ್ಲ,
ಜನ ನೋಡುವುದು ಕಸೂತಿಯನ್ನಲ್ಲವೇ.

ಮಾಲ್ಖಾಜನ ಡಬ್ಬಿಗೆ ಮೈಕಿನ ಬಾಯಿ ಎರಡೇ.
ಏಳು ವರ್ಷದಿಂದ ಲಮಾರಾ
ಎತೇರಿಯ ಹೆಗಲ ಹಿಂದೆ ನಿಂತು
ಅವಳ ಎಂಜಲು ಮೈಕಿಗೆ ಹಾಡುತ್ತಾಳೆ.
"ನನ್ನದು ಬಿಡು, ಗೋಡೆಯ ದನಿ,
ಎಲ್ಲಿಟ್ಟರೂ ನಿಲ್ಲುತ್ತದೆ."
ನಿಲ್ಲುವುದೇನೋ ನಿಜ. ಆದರೆ ಮಿಕ್ಸಿನಲ್ಲಿ
ಅವಳನ್ನು ಎಬ್ಬಿಸಹೋದರೆ ಎತೇರಿಯೂ ಏಳುತ್ತಾಳೆ,
ಒಂದೇ ಕಂಬಳಿ ಹೊದ್ದು ಮಲಗಿದವರ ಹಾಗೆ.

ಇನ್ನೊಂದು ಪ್ರಿಆಂಪ್ ಬೇಕು.
ಲಿಫ್ಟು ರಿಪೇರಿಯ ಸಂಬಳದಲ್ಲಿ ಬಾಡಿಗೆ, ಗ್ಯಾಸು ಕಳೆದರೆ
ಉಳಿಯುವುದು ತಿಂಗಳಿಗೆ ಎಂಬತ್ತು ಲಾರಿ.
(ಲಾರಿ ಎಂದರೆ ಆ ದೇಶದ ದುಡ್ಡು.
ಎಂಬತ್ತಿದ್ದರೂ ಒಂದು ಮೂಟೆ ಹೊರದು.)

ಅಂಗಡಿಯ ಹೊಸ ಒಂಟಿ ಚಾನೆಲ್ಲು ನೋಡಿದ.
ಒಳಗೆ ಗಾಜಿನ ಟ್ಯೂಬು, ಕೆಂಡದಂತೆ ಕೆಂಪು.
ಬಗ್ಗಿ ನೋಡಿದರೆ ಟ್ಯೂಬಿನ ಬೆನ್ನಿಗೆ
ಪುಟ್ಟ ದೀಪ ಕೂರಿಸಿದ್ದಾರೆ, ಬೆಂಕಿಯೆಂದು ನಂಬಿಸಲು.
ಗೇನ್ ಗುಂಡಿಯನ್ನು ಲಮಾರಾಳಿಗೆ ಬೇಕಾಗುವಷ್ಟು ತಿರುವಿದ:
ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ
ಚುಯ್ ಎಂದಿತು. ಜೋರು ದನಿಯವರಿಗೆ ಸರಿ, ಇವಳಿಗಲ್ಲ.

ತರಿಯೇಲ್ ತನ್ನ ಕಾರಿನ ಡಿಕ್ಕಿಯಿಂದ ತೆಗೆದದ್ದು
ಸೋವಿಯತ್ ಕಾಲದ ರೇಡಿಯೋ ನಿಲಯದ್ದು,
ಕಲ್ಲಿನ ತೂಕ, ಗುಂಯ್ ಎನ್ನುವ ಹೊಟ್ಟೆ.
"ಗುಂಯ್ ಅಲ್ಲ ಅದು, ಅನುಭವ" ಎಂದ ತರಿಯೇಲ್.
ಅನುಭವಕ್ಕೆ ಇನ್ನೂರೈವತ್ತು ಕೇಳಿದ.

ಕಡೆಗೆ ಪೋತಿಯ ಬಂದರಿನಲ್ಲಿ ಬಾಗಿಲು ಹಾಕಿದ ಕ್ಲಬ್ಬಿನದೊಂದು,
ಎಂಟು ಚಾನೆಲ್ಲು, ಬಿಯರು ಕುಡಿದು ಬದುಕಿದ್ದು,
ಮುನ್ನೂರ ನಲವತ್ತು.
ದನಿಯನ್ನು ಬೆಳಕಾಗಿಸಿ ಕಳಿಸುತ್ತದಂತೆ, ಒಂದೇ ಎಳೆಯಲ್ಲಿ,
ನಿನ್ನ ಡಬ್ಬಿಗೆ ಅದನ್ನು ಪಡೆಯುವ ಕಿಂಡಿಯಿದ್ದರೆ.

ಮನೆಗೆ ಬಂದು ಡಬ್ಬಿ ತಿರುಗಿಸಿದ.
ಹಿಂದುಗಡೆ ಎರಡು ಚೌಕ, ರಬ್ಬರು ಮುಚ್ಚಳ.
ಕಿತ್ತರೆ, ಒಂದರಲ್ಲಿ ಕೆಂಪು ಬೆಳಕು:
ಏಳು ವರ್ಷ ಗೋಡೆಗೆ ಮುಖ ಮಾಡಿ
ಯಾರಿಗೂ ಹೇಳದೆ ಉರಿಯುತ್ತಿತ್ತು.
ಇನ್ನೊಂದರಲ್ಲಿ ಕತ್ತಲು. ಬೇಕಾದದ್ದು ಅದೇ.

ನಾಲ್ಕು ತಿಂಗಳು, ಮತ್ತೊಂದು ವಾರ.

ಮೊದಲ ರಾತ್ರಿ ಟಿಕ್ ಟಿಕ್ ಎಂದು ಹಾಡು ಕಡಿದುಕೊಂಡಿತು;
ಎರಡು ಡಬ್ಬಿಗೆ ಎರಡು ಗಡಿಯಾರ.
ಒಂದರ ಮಾತು ಇನ್ನೊಂದು ಕೇಳುವಂತೆ ಮಾಡಿದ ಮೇಲೆ
ಲಮಾರಾ ತನ್ನದೇ ಮೈಕಿನ ಮುಂದೆ ನಿಂತಳು,
ಕೈ ಎಲ್ಲಿಡಬೇಕೆಂದು ತಿಳಿಯದೆ ಏಪ್ರನ್ನಿಗೆ ಒರೆಸುತ್ತ.

ಎಲ್ಲರೂ ಮಲಗಿದ ಮೇಲೆ ಒಂದೊಂದೇ ದನಿ ತೆರೆದು ಕೇಳಿದ.
ಲಮಾರಾಳ ಉಸಿರು ಗಿಡ್ಡ. ಸಾಲು ಮುಗಿಯುವ ಮೊದಲೇ
ದನಿ ನಿಲ್ಲುತ್ತದೆ, ಮೂಗಿನಲ್ಲಿ ಸಣ್ಣ ಸುಯ್ಲು.
ತಪ್ಪು ಎಂದುಕೊಂಡ.
ಎತೇರಿಯದನ್ನು ತೆರೆದ:
ಸರಿಯಾಗಿ ಅಲ್ಲಿ, ಆ ಸುಯ್ಲಿನ ಜಾಗದಲ್ಲಿ,
ಎತೇರಿ ತನ್ನ ದಾರಿ ಬಿಟ್ಟು ಕೆಳಗಿಳಿದು
ಲಮಾರಾಳ ಸ್ವರವನ್ನು ಹಿಡಿದು ನಿಂತಿದ್ದಾಳೆ,
ಅವಳು ಮರಳಿ ಬರುವ ತನಕ.
ಮುಂದಿನ ಸಾಲಿನಲ್ಲೂ. ಪ್ರತಿ ಸಾಲಿನಲ್ಲೂ.
ಹಳೆಯ ಹಾಡುಗಳಲ್ಲೂ ಹೀಗೇ ಇದ್ದಿರಬೇಕು,
ಒಂದೇ ಕಂಬಳಿಯೊಳಗೆ.

ಉಸಿರನ್ನು ಕತ್ತರಿಸಲು ಎತ್ತಿದ ಬೆರಳು ಹಿಂದೆ ತಂದ.

ಬೆಳಗ್ಗೆ ನಜಿಬ್ರೋಲಾ ಖಾಲಿ ಬಾಯಿಗಳನ್ನು ಎಣಿಸಿದಳು:
"ಎಂಟರಲ್ಲಿ ಒಂದಕ್ಕೆ ಕೂಲಿ, ಏಳಕ್ಕೆ ರಜೆಯೇ?"
ಧೂಳು ಕೂರಬಾರದೆಂದು ಒಂದು ಕ್ರೋಶಾ ಹೊದಿಕೆ ಹೆಣೆದು ತಂದಳು.
ಫ್ರಿಜ್ಜಿನ ವೈರು ಸಿಕ್ಕಿಸಲು ಎಲ್ಲರೂ ಮರೆತಿದ್ದರು.
ಬೆಣ್ಣೆ ತಟ್ಟೆಯಲ್ಲಿ ಕೆರೆಯಾಗಿತ್ತು.