ಮೂರು ಮಿಲಿಗ್ರಾಂ ಇರುಳು

ಆರ್ಕ್ನಿ ದ್ವೀಪಗಳಲ್ಲಿ ಜೂನ್ ತಿಂಗಳಿಗೆ ಇರುಳಿಲ್ಲ.
ಹತ್ತೂವರೆಗೆ ಸೂರ್ಯ ಕಡಲಿಗಿಳಿದು
ಮೈ ತೊಳೆದ ಶಾಸ್ತ್ರ ಮಾಡಿ
ನಾಲ್ಕಕ್ಕೆ ಮತ್ತೆ ಎದ್ದು ಬರುತ್ತಾನೆ.
ನಡುವಿನ ಹೊತ್ತು, ನೀರು ಬೆರೆಸಿದ ಹಾಲಿನ ಬಣ್ಣ.
ಆ ಬಣ್ಣದೊಳಗೆ ನಾನು, ಥೋರಾ ಡ್ರೆವರ್,
ಪರದೆಯ ಸಂದಿಗೆ ಬಟ್ಟೆಕ್ಲಿಪ್ಪು ಸಿಕ್ಕಿಸಿ
ಗುಳಿಗೆ ನುಂಗಿ
ಕತ್ತಲೆಗೆ ಕಾಯುತ್ತೇನೆ.

ಮೊದಲು ಹೋದದ್ದು ಎಡಗಾಲು.
ವೆಸ್ಟ್ರೇ ಹಡಗುಕಟ್ಟೆಯಲ್ಲಿ ಹನ್ನೊಂದು ವರ್ಷ
ಹಗ್ಗ ಹಿಡಿದು ಗೂಟಕ್ಕೆ ಸುತ್ತಿದವಳು ನಾನು.
ಒಂದು ಮೇ ಬೆಳಗು ಜೋಮು ಹಿಡಿಯಿತು.
ಕೂತದ್ದಕ್ಕೆ ಅಂದುಕೊಂಡೆ. ಕೂತೇ ಇರಲಿಲ್ಲ.
ಜೋಮು ಸೊಂಟಕ್ಕೆ ಹತ್ತಿತು,
ವಾರದೊಳಗೆ ಬಲಗಣ್ಣಿನಲ್ಲಿ ಕೆಂಪು ಮಾಸಿತು:
ಕಡಲ ತೇಲುಬುರುಡೆಗಳೆಲ್ಲ
ಮಳೆಯಲ್ಲಿ ನೆನೆದ ಇಟ್ಟಿಗೆ.

ಕರ್ಕ್‌ವಾಲಿನ ಡಾಕ್ಟರು ಕಾಗದದ ಮೇಲೆ ಒಂದು ನರ ಬರೆದಳು,
ನರಕ್ಕೊಂದು ಹೊದಿಕೆ ಬರೆದಳು,
ಹೊದಿಕೆಯನ್ನು ಪೆನ್ನಿನಿಂದ ಅಲ್ಲಲ್ಲಿ ಚುಚ್ಚಿದಳು.
ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ.
ನನಗದು ಬಿಡಿಸಿ ಹೇಳಬೇಕಿರಲಿಲ್ಲ.
ಹಗ್ಗ ಒಳಗಿನಿಂದ ಸಾಯುವುದಿಲ್ಲ,
ಕಲ್ಲಿಗೆ ಉಜ್ಜಿ ಉಜ್ಜಿ ಹೊರಮೈ ಸವೆಯುತ್ತದೆ;
ಎಳೆ ಕಂಡ ದಿನ
ಅದಕ್ಕೆ ಹಡಗು ಒಪ್ಪಿಸಬಾರದು.

ಈ ದ್ವೀಪಗಳಲ್ಲಿ ಇದು ಹೆಚ್ಚಂತೆ.
ಬಿಸಿಲು ಸಾಲದು ಎನ್ನುತ್ತಾರೆ, ರಕ್ತದಲ್ಲೇ ಇದೆ ಎನ್ನುತ್ತಾರೆ.
ಸೋದರತ್ತೆ ವಿಲಿಯಮೀನಾಗೂ ಇತ್ತು, ಹೆಸರಿರಲಿಲ್ಲ,
"ಅವಳ ಕಾಲು" ಎಂದಷ್ಟೇ ಅನ್ನುತ್ತಿದ್ದರು.
ನನ್ನ ಕ್ಯಾಲೆಂಡರಿನ ಮಾತು ಬೇರೆ.
ನಾಲ್ಕು ಸಲ ಮರುಕಳಿಸಿತು:
ಮೇ, ಜೂನ್, ಏಪ್ರಿಲ್, ಮತ್ತೆ ಜೂನ್.
ಡಿಸೆಂಬರಿನಲ್ಲಿ, ಮೂರೂಕಾಲಿಗೇ ಹೊತ್ತು ಮುಳುಗುವಾಗ
ಎರಡು ಕಾಲು, ಒಂದು ಊರುಗೋಲು,
ನನ್ನ ಮೂರು ಕಾಲೂ ಹೇಳಿದಂತೆ ಕೇಳಿದವು.

ಕತ್ತಲಾದರೆ ಮಿದುಳಿನ ನಡುವೆ
ಬಟಾಣಿಗಿಂತ ಸಣ್ಣದೊಂದು ಗ್ರಂಥಿ ತೊಟ್ಟಿಕ್ಕುತ್ತದಂತೆ, ಮೆಲಟೋನಿನ್.
"ನಿದ್ದೆಗಷ್ಟೇ ಅಲ್ಲವೇನೋ,
ಕಾವಲಿನವರ ಸಿಟ್ಟನ್ನೂ ಇಳಿಸುತ್ತದೇನೋ"
ಎಂದಳು ಪ್ರಯೋಗದ ನರ್ಸು.
ಎರಡು "ಏನೋ". ಎಣಿಸಿಕೊಂಡೇ ಸಹಿ ಹಾಕಿದೆ.

ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಹಿಟ್ಟು.
ಯಾರಿಗೆ ಯಾವುದೆಂದು ಕೊಡುವವಳಿಗೂ ತಿಳಿಯದು,
ಹಳೆಯ ಔಷಧ ಬಿಡುವಂತಿಲ್ಲ,
ಲಕೋಟೆ ಒಡೆಯುವುದು ನವೆಂಬರಿಗೆ.
ಎರ್ಲೆಂಡನಿಗೆ ತಾಳ್ಮೆಯಿಲ್ಲ.
ಕದ್ದು ಒಂದು ಗುಳಿಗೆ ನುಂಗಿ
ಕುರ್ಚಿಯಲ್ಲೇ ಹತ್ತು ಗಂಟೆ ಗೊರಕೆ ಹೊಡೆದ,
"ಔಷಧವೇ ಕಣೆ!" ಎಂದು ಎದ್ದ.
ಅಂದು ಭಾನುವಾರ.
ಭಾನುವಾರ ಅವನು ಹಾಗೇ ನಿದ್ರಿಸುವುದು.
ಲೆಕ್ಕದಲ್ಲಿ ಒಂದು ಗುಳಿಗೆ ಕಡಿಮೆ ಬಿದ್ದದ್ದಕ್ಕೆ
ಬೈಸಿಕೊಂಡವಳು ಮಾತ್ರ ನಾನು.

ಈ ಜೂನ್ ಇನ್ನೂ ಏನೂ ಆಗಿಲ್ಲ.
ಹೇಳಬಾರದು, ಬಾಯಿಗೆ ಬಂತು.

ಎರಡೂವರೆಗೆ ಎಚ್ಚರವಾಗಿ
ಎಡಗಾಲು ಕೆಳಗಿಟ್ಟೆ.
ನೆಲ ತಣ್ಣಗಿತ್ತು.
ತಣ್ಣಗಿದೆ ಎಂದು ಕಾಲೇ ಹೇಳಿತು,
ನಾನು ನೆನಪಿನಿಂದ ಹೇಳಿಕೊಂಡದ್ದಲ್ಲ.
ಗುಳಿಗೆಯೋ, ಹಿಟ್ಟೋ, ಪಾಳಿ ತಪ್ಪಿದ ಅದೃಷ್ಟವೋ.
ಹೊರಗೆ ಆಗಲೇ ಬೆಳಕು ಹರಿಯುತ್ತಿತ್ತು,
ಮೆಲ್ಲಗೆ, ಬಟ್ಟೆ ಹರಿವ ಸದ್ದಿನಲ್ಲಿ.
ಊರುಗೋಲು ತಡಕದೆ ಎದ್ದು
ಪರದೆಗೆ ಇನ್ನೊಂದು ಕ್ಲಿಪ್ಪು ಹಾಕಿದೆ.